ಬದು ಇಲ್ಲದ ಊರು

ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ ಅಂತ ಬರೆದಿರುತ್ತದಲ್ಲ, ಆ ಎಕರೆ ಹುಟ್ಟಿದ್ದು ಎತ್ತಿನ ಬಾಲದ ಹಿಂದೆ. ಇಂಗ್ಲೆಂಡಿನಲ್ಲಿ ಎತ್ತುಗಳು ಒಂದು ದಿನಕ್ಕೆ ಎಷ್ಟು ನೆಲ ಉಳುತ್ತಿದ್ದವೋ ಅಷ್ಟಕ್ಕೆ ಎಕರೆ ಅಂದರು. ಉದ್ದ 220 ಗಜ, ಅಗಲ ಬರೀ 22 ಗಜ. 22 ಗಜ ಅಂದರೆ ಕ್ರಿಕೆಟ್ ಪಿಚ್ಚಿನ ಉದ್ದ. ಹೊಲವನ್ನು ಹೀಗೆ ಲಾಡಿಯಂತೆ ಉದ್ದಕ್ಕೆ ಯಾಕೆ ಇಟ್ಟರು? ಭಾರದ ನೇಗಿಲಿಗೆ ಕಟ್ಟಿದ ಎತ್ತುಗಳನ್ನು ಹೊಲದ ತುದಿಯಲ್ಲಿ ತಿರುಗಿಸುವುದು ದೊಡ್ಡ ರಗಳೆ. ತಿರುವು ಕಮ್ಮಿಯಾದಷ್ಟೂ ಒಳ್ಳೆಯದು. ಉತ್ತು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಲಾಡಿ ಹೊಲಗಳು ಇವತ್ತಿಗೂ ಉಳಿದಿರುವ ಒಂದು ಹಳ್ಳಿಯಿದೆ. ಹೆಸರು ಲ್ಯಾಕ್ಸ್‌ಟನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ, ಷೆರ್‌ವುಡ್ ಕಾಡಿನ ಸೀಮೆಯಲ್ಲಿ, ಜಿಗುಟು ಜೇಡಿಮಣ್ಣಿನ ಮೇಲೆ ಕೂತಿರುವ ಪುಟ್ಟ ಊರು. 1086ರಲ್ಲಿ ಅಲ್ಲಿನ ರಾಜ ದೇಶದ ಜಮೀನಿನದೆಲ್ಲ ಬರೆಸಿದ ಡೂಮ್ಸ್‌ಡೇ ಲೆಕ್ಕದಲ್ಲೇ ಇದರ ಹೆಸರಿದೆ. ಊರಾಚೆ, ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಕಟ್ಟಿದ ಕೋಟೆಯ ಮಣ್ಣಿನ ದಿಬ್ಬವಿದೆ. ಕೋಟೆ ಹೋಗಿದೆ, ಹುಲ್ಲು ಬೆಳೆದಿದೆ. ದಿಬ್ಬದ ವಿಷಯ ಅಷ್ಟೇ ಸಾಕು, ನನ್ನ ಕಣ್ಣು ಇರುವುದು ಹೊಲದ ಮೇಲೆ.

ಇಲ್ಲಿರುವುದು ಮೂರು ದೊಡ್ಡ ಬಯಲು: ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್. ಒಳಗೆ ಬೇಲಿಯಿಲ್ಲ, ಬದುವಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಭಯವೂ ಇಲ್ಲ ಅನ್ನಿ. ಒಬ್ಬ ರೈತನ ನೆಲವೆಲ್ಲ ಒಂದೇ ಕಡೆ ಇರುವುದಿಲ್ಲ. ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ, ಮೂರೂ ಬಯಲಲ್ಲಿ ಹಂಚಿಹೋಗಿರುತ್ತದೆ. ಒಳ್ಳೆ ಮಣ್ಣೂ ನೀರು ನಿಲ್ಲುವ ಮಣ್ಣೂ ಎಲ್ಲರ ಪಾಲಿಗೂ ಬರಲಿ ಅನ್ನುವ ಹಳೆಯ ಲೆಕ್ಕ. ಒಂದು ವರ್ಷ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬೆಳೆ, ಮೂರನೇ ವರ್ಷ ನೆಲಕ್ಕೆ ವಿಶ್ರಾಂತಿ. ಉಳಲು ಬಾರದ ತಗ್ಗಿನ ಜಾಗಕ್ಕೆ ಅವರ ಬಾಯಲ್ಲಿ ಸೈಕ್ ಅಂತ ಹೆಸರು. ಅಲ್ಲಿ ಬರೀ ಹುಲ್ಲು, ಕಾಡುಹೂವು. ಬೇಸಿಗೆಯಲ್ಲಿ ಆ ಹುಲ್ಲನ್ನು ಹರಾಜು ಹಾಕುತ್ತಾರೆ.

ಒಂದು ಕಾಲಕ್ಕೆ ಆ ದೇಶದ ಎಷ್ಟೋ ಹಳ್ಳಿಗಳು ಹೀಗೇ ಇದ್ದವು. 18 ಮತ್ತು 19ನೇ ಶತಮಾನದಲ್ಲಿ ಪಾರ್ಲಿಮೆಂಟು ಒಂದರ ಹಿಂದೊಂದು ಕಾಯ್ದೆ ಮಾಡಿ ಬಯಲುಗಳಿಗೆ ಬೇಲಿ ಹಾಕಿಸಿತು. ಎಷ್ಟೋ ಬಡವರಿಗೆ ದನ ಮೇಯಿಸುವ ಜಾಗವೂ ತಪ್ಪಿಹೋಯಿತು. ಲ್ಯಾಕ್ಸ್‌ಟನ್ ಹೇಗೆ ಉಳಿಯಿತು ಅಂದರೆ, ಯಾರೋ ದೂರಾಲೋಚನೆ ಮಾಡಿ ಉಳಿಸಿದ್ದಲ್ಲ. ಅಲ್ಲಿ ಇಬ್ಬರು ದೊಡ್ಡ ಜಮೀನುದಾರರಿದ್ದರು, ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್‌ಬ್ರೋ. ಬೇಲಿ ಹಾಕಬೇಕೆಂದರೆ ಹಂಚಿಹೋದ ಪಟ್ಟಿಗಳನ್ನು ಅದಲುಬದಲು ಮಾಡಿ ಒಂದೊಂದು ಕಡೆ ಕೂಡಿಸಬೇಕು. ಯಾವ ತುಂಡು ಯಾರಿಗೆ ಅನ್ನುವುದರಲ್ಲಿ ಇಬ್ಬರಿಗೂ ಹೊಂದಾಣಿಕೆ ಆಗಲಿಲ್ಲ. ಅದೇ ಕೆಲಸಕ್ಕೆ ಬಂತು! ನಮ್ಮ ಮನೆಯಲ್ಲೂ ದೊಡ್ಡಪ್ಪನಿಗೂ ಅಪ್ಪನಿಗೂ ಹೊಂದಾಣಿಕೆ ಆಗದೆ ಒಂದು ಜಮೀನು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಅಲ್ಲಿ ಬೆಳೆದದ್ದು ಬರೀ ಜಾಲಿ.

ಮಾರ್ಕ್ ಪಿಯರ್ಸ್ ಅನ್ನುವ ಮೋಜಿಣಿದಾರ 1635ರಲ್ಲಿ ಈ ಊರಿನ ನಕ್ಷೆ ಬರೆದ. ಅದು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪಟ್ಟಿ ಪಟ್ಟಿಯಾಗಿ ಇಡೀ ಊರು ಅದರಲ್ಲಿದೆ. ನನಗೆ ಜಾಸ್ತಿ ಇಷ್ಟವಾದದ್ದು ಮಧ್ಯೆ ಮಧ್ಯೆ ಇರುವ ಪುಟಾಣಿ ಮನುಷ್ಯರು. ಉಳುವವರು, ಕೊಯ್ಯುವವರು, ಬೇಟೆಗೆ ಹೊರಟವರು. ನಕ್ಷೆಗೆ ಅವರ ಅಗತ್ಯವೇ ಇಲ್ಲ, ಅಲ್ವಾ? ಆದರೂ ಪುಣ್ಯಾತ್ಮ ಕೂತು ಬರೆದಿದ್ದಾನೆ. ನಮ್ಮ ಸರ್ವೆ ನಕ್ಷೆಯ ಮೂಲೆಯಲ್ಲಿ ಒಂದು ಕುಂಟೆ, ಬುತ್ತಿ ಹೊತ್ತ ಒಬ್ಬ ಹೆಂಗಸು ಇದ್ದಿದ್ದರೆ ಅದನ್ನು ಬಿಡಿಸಿ ನೋಡುವುದಕ್ಕೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಬದು ಇಲ್ಲದ ಮೇಲೆ ಒತ್ತುವರಿ ಜಗಳ ಇಲ್ಲವೇ? ಅದು ಎಲ್ಲಿಲ್ಲ ಹೇಳಿ. ಒಂದು ಸಾಲು ಆಚೆ ಹೊಡೆದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವ ಆಸೆಗೆ ದೇಶಭಾಷೆಯಿಲ್ಲ. ಅದಕ್ಕೇ ನವೆಂಬರ್ ಕೊನೆಯ ಹೊತ್ತಿಗೆ ಒಂದು ದಿನ ಊರ ರೈತರದೇ ಒಂದು ಜ್ಯೂರಿ, ಅಂದರೆ ತಪ್ಪು ನೋಡಿ ದಂಡ ಹಾಕುವ ತಂಡ, ಗೋಧಿ ಬಿತ್ತಿದ ಬಯಲಿಗೆ ಹೊರಡುತ್ತದೆ. ಗಡಿ ಮಸುಕಾದ ಕಡೆ ಗೂಟ ಹೊಡೆಯುತ್ತಾರೆ. ದಾರಿಯನ್ನೋ ಸೈಕನ್ನೋ ಯಾರಾದರೂ ಉತ್ತಿದ್ದಾರಾ ಅಂತ ಬಗ್ಗಿ ನೋಡುತ್ತಾರೆ. ಆಮೇಲೆ ಊರಿನ ಡವ್‌ಕೋಟ್ ಪಬ್ಬಿಗೆ ಬಂದು ಊಟ ಮಾಡಿ, ಯಾರಿಗೆ ಎಷ್ಟು ದಂಡ ಅಂತ ತೀರ್ಮಾನಿಸುತ್ತಾರೆ. ಒಂದು ವಾರ ಬಿಟ್ಟು ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್ ಕೂರುತ್ತದೆ. ಮಧ್ಯಯುಗದಿಂದ ಬಂದ ನ್ಯಾಯಪಂಚಾಯ್ತಿ ಅದು. ದಂಡದ ಮೊತ್ತ ದೊಡ್ಡದೇನಲ್ಲ. ಊರವರ ಮುಂದೆ ಹೆಸರು ಕೂಗಿಸಿಕೊಳ್ಳುವುದಿದೆಯಲ್ಲ, ಅದು ಜಾಸ್ತಿ ಚುಚ್ಚುತ್ತದೆ ಅಂತ ನನ್ನ ಅಂದಾಜು.

ಜಮೀನಿನ ಒಡೆತನ 1952ರಲ್ಲಿ ಸರ್ಕಾರದ ಕೃಷಿ ಇಲಾಖೆಗೆ ಹೋಯಿತು, 1981ರಲ್ಲಿ ರಾಜಪಟ್ಟಕ್ಕೆ ಸೇರಿದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ತಿರುಗಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟಿಗೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ. ಸಣ್ಣ ಸಣ್ಣ ಪಟ್ಟಿಗಳು ಕೂಡಿ ಅಗಲವಾಗಿವೆ. ಗೂಟ ಮಾತ್ರ ಹೊಡೆಯುತ್ತಲೇ ಇದ್ದಾರೆ. ಗೋಧಿಯ ಸರದಿ ಪ್ರತಿ ವರ್ಷ ಬೇರೆ ಬಯಲಿಗೆ ಹೋಗುವುದರಿಂದ ಒಂದು ಬಯಲಿಗೆ ಜ್ಯೂರಿ ಬರುವುದು ಮೂರು ವರ್ಷಕ್ಕೊಮ್ಮೆ. ನಡುವಿನ ಎರಡು ವರ್ಷ ಆ ಗೂಟದ ಮೇಲೆ ಕಾಗೆ ಕೂರುತ್ತಿರಬೇಕು.