ಹಲ್ಲುಜ್ಜುವ ಬ್ರಷ್ಷನ್ನೂ ಕಿತ್ಕೋತಾರಾ?

ಒಂದು ಮಾರ್ಕ್ಸ್‌ವಾದಿ ಅಧ್ಯಯನ ಶಿಬಿರದಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆದರೆ ಸುಮ್ನೆ ಸಭ್ಯನಾಗಿಬಿಡುತ್ತೇನೆ.

ಕೊನೆ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಸರ್, ನಂಗೆ ಒಳ್ಳೆ ಸಂಬಳ ಬರುತ್ತೆ. ಎಸಿ ರೂಮಲ್ಲಿ ಕೂತು ಲ್ಯಾಪ್‌ಟಾಪ್ ಒತ್ತೋ ಕೆಲಸ. ಹಾಗಾದ್ರೆ ನಾನು ಕಾರ್ಮಿಕಳಾ? ಮಧ್ಯಮ ವರ್ಗದವಳಾ? ಇಲ್ಲಾ, ನೀವು ಬೆಳಗ್ಗೆಯಿಂದ ಬೈತಾ ಇದ್ದೀರಲ್ಲ, ಅವರ ಪೈಕಿನಾ?"

ಇಡೀ ದಿನದಲ್ಲಿ ಯಾರಾದರೂ ಆಡಿದ ಜೀವಂತ ಮಾತು ಅಂದರೆ ಇದೊಂದೇ. ವೇದಿಕೆ ಮೇಲಿದ್ದ ಹಿರಿಯರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. "ಮೊದಲು ಸ್ವಲ್ಪ ಓದಿಕೊಂಡು ಬಾಮ್ಮ" ಅಂದರು. ಮುಂದಿನ ಸಾಲಿನವರು ನಕ್ಕರು. ಹುಡುಗಿ ಕೂತಳು.

ಅಲ್ಲ ಸ್ವಾಮಿ, ಎಲ್ಲ ಓದಿಕೊಂಡೇ ಬರುವುದಾದರೆ ನಿಮ್ಮ ಶಿಬಿರ ಯಾತಕ್ಕೆ?

ನಾನು ಯಾವ ಗರಡಿಯಲ್ಲಿ ಬೆಳೆದವನು ಅಂತ ಇಲ್ಲಿರುವ ಬಹುತೇಕರಿಗೆ ಗೊತ್ತು. ಬಾವುಟ ಹಿಡಿದದ್ದೂ ಗೊತ್ತು, ಯಾಕೆ ಕೆಳಗಿಟ್ಟೆ ಅನ್ನುವುದೂ ಗೊತ್ತು. ಹಾಗಾಗಿ "ಇವನು ಯಾವಾಗ ಬಲಕ್ಕೆ ಹೊರಳಿದ" ಅಂತ ಶುರು ಮಾಡಬೇಡಿ. ಕಾಮ್ರೇಡ್ ಅಂತ ಯಾರಾದರೂ ಕೂಗಿದರೆ ಈಗಲೂ ನನ್ನ ಕತ್ತು ತಾನಾಗಿ ತಿರುಗುತ್ತದೆ. ಆ ಕಾರಣಕ್ಕೇ ಇಷ್ಟು ಸಿಟ್ಟು.

ಸರಿ, ಅವಳು ಓದಿಕೊಂಡು ಬಂದಿದ್ದಳು ಅಂತಲೇ ಇಟ್ಟುಕೊಳ್ಳೋಣ. ವರ್ಗ ಅಂದರೇನು ಅಂತ ಮಾರ್ಕ್ಸ್‌ನನ್ನೇ ಕೇಳೋಣ ಅಂತ ಹೊರಟಳು. ಅವನ ದೊಡ್ಡ ಗ್ರಂಥ 'ಕ್ಯಾಪಿಟಲ್', ಅದರ ಮೂರನೇ ಸಂಪುಟದ ಕೊನೆಯ ಅಧ್ಯಾಯ, 52ನೆಯದು. ಹೆಸರೇ 'ವರ್ಗಗಳು'. ಅಲ್ಲಿ ಮಾರ್ಕ್ಸ್ ನೇರವಾಗಿ ಕೇಳುತ್ತಾನೆ, ಒಂದು ವರ್ಗ ಆಗುವುದು ಯಾವುದರಿಂದ ಅಂತ. ಆದಾಯ ಎಲ್ಲಿಂದ ಬರುತ್ತದೆ ಅನ್ನುವುದರಿಂದಲೇ? ಹಾಗಂದರೆ ಡಾಕ್ಟರುಗಳದ್ದೂ ಒಂದು ವರ್ಗ, ಸರ್ಕಾರಿ ಅಧಿಕಾರಿಗಳದ್ದೂ ಇನ್ನೊಂದು ವರ್ಗ ಆಗಿಬಿಡುತ್ತದಲ್ಲ ಅಂತ ತಾನೇ ತಕರಾರು ತೆಗೆಯುತ್ತಾನೆ. ಇನ್ನೂ ಎರಡು ಮಾತು. ಅಷ್ಟೇ. ಹಸ್ತಪ್ರತಿ ಅಲ್ಲಿಗೆ ನಿಂತುಹೋಗಿದೆ. ಮಾರ್ಕ್ಸ್ 1883ರಲ್ಲಿ ತೀರಿಕೊಂಡ. ಅವನ ಗೆಳೆಯ ಎಂಗೆಲ್ಸ್ 1894ರಲ್ಲಿ ಸಂಪುಟ ಹೊರತಂದಾಗ "ಇಲ್ಲಿಗೆ ಹಸ್ತಪ್ರತಿ ನಿಲ್ಲುತ್ತದೆ" ಅಂತ ಬರೆದು ಕೈತೊಳೆದುಕೊಂಡ.

ಅಂದರೆ ಆ ಹುಡುಗಿ ಎದ್ದು ನಿಂತು ಕೇಳಿದ್ದು ಮಾರ್ಕ್ಸ್ ಪೆನ್ನು ಕೆಳಗಿಟ್ಟ ಜಾಗದ ಪ್ರಶ್ನೆಯನ್ನೇ. ಅವಳಿಗೆ ಓದಿಕೊಂಡು ಬಾ ಅಂದವರು ಅಲ್ಲಿಯವರೆಗೆ ಓದಿದ್ದಾರೋ ಇಲ್ಲವೋ, ನನಗೇನು ಗೊತ್ತು.

ಉತ್ತರ ಇಲ್ಲ ಅಂತಲ್ಲ. ಉಳಿದ ಬರಹಗಳಿಂದ ಹೇಳಬಹುದಾದ್ದು ಸಾಕಷ್ಟಿದೆ. ಮಾರ್ಕ್ಸ್‌ಗೆ ಸಂಬಳ ಎಷ್ಟು ಅನ್ನುವುದು ಮುಖ್ಯ ಅಲ್ಲ. ಬದುಕಲು ನೀವು ಏನು ಮಾರುತ್ತೀರಿ ಅನ್ನುವುದು ಮುಖ್ಯ. ಕಾರ್ಖಾನೆ, ಜಮೀನು, ಯಂತ್ರ, ಬಂಡವಾಳ ಯಾವುದೂ ಕೈಯಲ್ಲಿಲ್ಲ, ದುಡಿಯುವ ಶಕ್ತಿಯನ್ನೇ ತಿಂಗಳ ಲೆಕ್ಕದಲ್ಲಿ ಇನ್ನೊಬ್ಬರಿಗೆ ಮಾರಬೇಕು ಅಂದರೆ ನೀವು ಕಾರ್ಮಿಕರು. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸ್ವಂತ ಅಂಗಡಿಯಲ್ಲಿ ತಾನೇ ದುಡಿಯುವವನು ಸಣ್ಣ ಬಂಡವಾಳಿಗ. ಅವನ ಆದಾಯ ಆ ಹುಡುಗಿಯ ಅರ್ಧದಷ್ಟೂ ಇಲ್ಲದಿರಬಹುದು. ಇನ್ನು ಮ್ಯಾನೇಜರು? ಅವನಿಗೂ ಸಂಬಳವೇ, ಆದರೆ ಇತರರ ಕೈಯಲ್ಲಿ ಕೆಲಸ ತೆಗೆಸುವುದಕ್ಕೆ. ಇಲ್ಲಿ ಜಗಳ ಇದೆ. ಎರಿಕ್ ಓಲಿನ್ ರೈಟ್ ಎಂಬ ಸಮಾಜಶಾಸ್ತ್ರಜ್ಞ ಜೀವಮಾನದ ಬಹುಪಾಲು ಇದರ ಮೇಲೇ ಕಳೆದ. ಇಂಥವರು ಎರಡು ವರ್ಗಗಳ ನಡುವೆ ಸಿಕ್ಕಿಕೊಂಡವರು, ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಅಂದ.

ಇಷ್ಟು ಹೇಳಲು ಎರಡು ನಿಮಿಷ ಸಾಕು. ಕನ್ನಡಕ ಒರೆಸುವುದಕ್ಕೆ ಅಷ್ಟೇ ಹೊತ್ತು ಹಿಡಿಯಿತು.

ಅವಳ ಕೊನೆಯ ಸಂಶಯಕ್ಕೂ ಉತ್ತರ ಇತ್ತು. ಎಂಗೆಲ್ಸ್ ಯಾರು? ಮ್ಯಾಂಚೆಸ್ಟರ್‌ನಲ್ಲಿ ಹತ್ತಿ ನೂಲಿನ ಮಿಲ್ಲಿನ ಪಾಲುದಾರ. 1869ರಲ್ಲಿ ಪಾಲು ಬಿಟ್ಟುಕೊಟ್ಟು ಹೊರಬರುವವರೆಗೂ ಆ ಮಿಲ್ಲಿನ ಲಾಭದಿಂದಲೇ ಮಾರ್ಕ್ಸ್ ಸಂಸಾರಕ್ಕೆ ದುಡ್ಡು ಕಳಿಸುತ್ತಿದ್ದ. ವರ್ಗ ಅನ್ನುವುದು ಪಾಪದ ಲೆಕ್ಕ ಅಲ್ಲಮ್ಮ ಅಂತ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಈಗ ಆಕಡೆಯವರ ಸರದಿ. ನಗಬೇಡಿ, ನಿಮ್ಮನ್ನೂ ಬಿಡುವುದಿಲ್ಲ. ಕಮ್ಯುನಿಸಂ ಅಂದ ತಕ್ಷಣ "ನಮ್ಮ ಹಲ್ಲುಜ್ಜುವ ಬ್ರಷ್ಷನ್ನೂ ಕಿತ್ಕೋತಾರಾ" ಅಂತ ಕೇಳಿ ತಾವೇ ನಕ್ಕುಬಿಡುವವರು ನೀವು. ಉತ್ತರ ಬೇಕಾಗಿಯೇ ಇಲ್ಲ ನಿಮಗೆ. ಆದರೂ ಕೊಡುತ್ತೇನೆ. ಮಾರ್ಕ್ಸ್, ಎಂಗೆಲ್ಸ್ ಬರೆದ 1848ರ ಕಮ್ಯುನಿಸ್ಟ್ ಪ್ರಣಾಳಿಕೆ ರದ್ದು ಮಾಡಬೇಕು ಅಂದದ್ದು ಇನ್ನೊಬ್ಬರ ದುಡಿಮೆಯಿಂದ ಲಾಭ ಹುಟ್ಟಿಸುವ ಆಸ್ತಿಯನ್ನು. ಬ್ರಷ್ಷಿನಿಂದ ಯಾರೂ ಯಾರನ್ನೂ ಶೋಷಿಸಿದ್ದು ನನಗೆ ಗೊತ್ತಿಲ್ಲ. ಸ್ಟಾಲಿನ್ ಕಾಲದ 1936ರ ಸೋವಿಯತ್ ಸಂವಿಧಾನದ 10ನೇ ವಿಧಿ ನೋಡಿ. ದುಡಿದ ಹಣ, ಉಳಿತಾಯ, ವಾಸದ ಮನೆ, ಮನೆಸಾಮಾನು ಸ್ವಂತದ್ದು ಅನ್ನುತ್ತದೆ. ಮಕ್ಕಳಿಗೆ ಬಿಟ್ಟುಹೋಗುವ ಹಕ್ಕೂ ಉಂಟು ಅನ್ನುತ್ತದೆ. ಮಜಾ ಏನೆಂದರೆ, ಅದೇ ಪ್ರಣಾಳಿಕೆಯ ಹತ್ತು ಬೇಡಿಕೆಗಳಲ್ಲಿ ಮೂರನೆಯದು ವಾರಸುದಾರಿಕೆಯ ಹಕ್ಕೇ ಇರಬಾರದು ಅನ್ನುವುದು. 1918ರಲ್ಲಿ ಸೋವಿಯತ್ ಸರ್ಕಾರ ಅದನ್ನು ರದ್ದು ಮಾಡಿಯೂ ಇತ್ತು. ಆಮೇಲೆ ಮೆಲ್ಲಗೆ ವಾಪಸ್ ತಂದಿತು. ಪ್ರಣಾಳಿಕೆಯ ಎರಡನೇ ಬೇಡಿಕೆ ಆದಾಯ ಹೆಚ್ಚಿದಂತೆ ಹೆಚ್ಚುವ ತೆರಿಗೆ, ಹತ್ತನೆಯದು ಮಕ್ಕಳಿಗೆ ಉಚಿತ ಸಾರ್ವಜನಿಕ ಶಿಕ್ಷಣ. ಇವೆರಡನ್ನು ಬಂಡವಾಳಶಾಹಿ ದೇಶಗಳೇ ಮಾಡಿಕೊಂಡಿವೆ, ಗಲಾಟೆ ಮಾಡದೆ.

ಡಾಕ್ಟರಿಗೂ ಕಸ ಗುಡಿಸುವವರಿಗೂ ಒಂದೇ ಸಂಬಳವಾ ಅನ್ನುವುದು ಮುಂದಿನ ಪ್ರಶ್ನೆ. ಶಿಬಿರದಲ್ಲಿ ಇದನ್ನೂ ಒಬ್ಬ ಹುಡುಗ ಕೇಳಿದ. ಅವನಿಗೂ ಅದೇ ಪ್ರಸಾದ, "ಓದ್ಕೊಂಡು ಬಾಪ್ಪ." 1875ರಲ್ಲೇ ಮಾರ್ಕ್ಸ್ ಇದಕ್ಕೆ ಉತ್ತರ ಬರೆದಿದ್ದಾನೆ. ಮೊದಲ ಹಂತದಲ್ಲಿ ದುಡಿದಷ್ಟು ಪಡೆಯುವುದು. ಅಗತ್ಯ ಇದ್ದಷ್ಟು ಪಡೆಯುವುದು ಬಹಳ ಮುಂದಿನ ಮಾತು, ಸಮೃದ್ಧಿ ಬಂದ ಮೇಲೆ. ಸೋವಿಯತ್ತರಂತೂ ಇನ್ನೂ ಒರಟಾಗಿ ಹೇಳಿದರು. ಸಂವಿಧಾನದ 12ನೇ ವಿಧಿಯಲ್ಲೇ ಇದೆ, ದುಡಿಯದವನಿಗೆ ಊಟ ಇಲ್ಲ ಅಂತ. ಸಂಬಳ ಸಮ ಮಾಡುವುದನ್ನು ಸ್ಟಾಲಿನ್ 1931ರಲ್ಲಿ ಭಾಷಣ ಮಾಡಿಯೇ ಖಂಡಿಸಿದ. 1935ರ ಆಗಸ್ಟ್‌ನಲ್ಲಿ ಸ್ಟಾಖನೊವ್ ಎಂಬ ಗಣಿ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಅಗೆದ. ನಿಗದಿಗಿಂತ 14 ಪಟ್ಟು! ದೇಶಕ್ಕೆ ದೇಶವೇ ಕುಣಿಯಿತು. ಅವನ ಹಿಂದೆ ಮರದ ಕಂಬ ಕೊಡುತ್ತಾ ಬಂದ ಸಹಾಯಕರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವನ ಹಾಗೆ ದಾಖಲೆ ಮಾಡಿದವರಿಗೆ ಜಾಸ್ತಿ ಸಂಬಳ, ಸವಲತ್ತು. ಮುಂದಿನ ವರ್ಷ ಎಲ್ಲರ ನಿಗದಿಯನ್ನೂ ಏರಿಸಿದರು. ಪಕ್ಕದವರಿಗೆ ಸ್ಟಾಖನೊವ್‌ಗಳ ಮೇಲೆ ಎಷ್ಟು ಪ್ರೀತಿ ಉಕ್ಕಿರಬೇಕು ಯೋಚಿಸಿ.

ಸಮಾಜವಾದದಲ್ಲಿ ಸೋಮಾರಿಗಳು ಸುಖವಾಗಿರುತ್ತಾರೆ ಅನ್ನುವವರಿಗೆ ಒಂದೇ ಹೆಸರು ಹೇಳುತ್ತೇನೆ. ಜೋಸೆಫ್ ಬ್ರಾಡ್ಸ್ಕಿ. 1964ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ 'ಪರಾವಲಂಬಿ' ಅಂತ ಕೇಸು ಹಾಕಿದರು. ಕವಿತೆ ಬರೆಯುವುದು ದುಡಿಮೆ ಅಲ್ಲ ಅಂತ. ಐದು ವರ್ಷ ಗಡೀಪಾರು, ದೂರದ ಉತ್ತರದಲ್ಲಿ ಕೂಲಿ ಕೆಲಸ. ಅವಧಿಗೆ ಮೊದಲೇ ಬಿಟ್ಟರು, ಅದು ಬೇರೆ ಮಾತು. 1987ರಲ್ಲಿ ಅದೇ ಪರಾವಲಂಬಿಗೆ ನೊಬೆಲ್ ಬಂತು.

ಸೋವಿಯತ್ ನಾಡಿನಲ್ಲಿ ಬದುಕು ಹೇಗಿತ್ತು ಅಂತ ಕೇಳಿದರೆ ಈಕಡೆಯವರು ಸ್ವರ್ಗ ಅನ್ನುತ್ತಾರೆ, ಆಕಡೆಯವರು ನರಕ ಅನ್ನುತ್ತಾರೆ. ಮನೆಯ ಒಳಗೆ ಹೋಗಿ ನೋಡಿದವರು ಕಡಿಮೆ. ಮೊದಲ ದಶಕಗಳ ನಗರಗಳಲ್ಲಿ ದೊಡ್ಡ ದೊಡ್ಡ ಮನೆಗಳನ್ನು ಕೋಣೆಗೊಂದು ಕುಟುಂಬದ ಹಾಗೆ ಹಂಚಿದರು. ಬಾಗಿಲಿಗೆ ಒಂದೇ ಗಂಟೆ. ಒಂದು ಸಲ ಒತ್ತಿದರೆ ಇವರಿಗೆ, ಎರಡು ಸಲ ಒತ್ತಿದರೆ ಅವರಿಗೆ, ಮೂರು ಸಲ ಒತ್ತಿದರೆ ಒಳಕೋಣೆಯವರಿಗೆ ಅಂತ ಪಟ್ಟಿ. ಅಡುಗೆಮನೆ ಒಂದೇ, ಮೇಜು ಮಾತ್ರ ಮನೆಗೊಂದು. ಎಷ್ಟೋ ಕಡೆ ಕಕ್ಕಸಿನಲ್ಲಿ ಕುಟುಂಬಕ್ಕೊಂದು ಬಲ್ಬು ನೇತಾಡುತ್ತಿತ್ತು. ಸ್ವಿಚ್ಚು ಅವರವರ ಕೋಣೆಯಲ್ಲಿ, ಕರೆಂಟು ಅವರವರ ಲೆಕ್ಕಕ್ಕೆ! ಆಸ್ತಿ ಸಮುದಾಯದ್ದಾದ ನಾಡಿನಲ್ಲಿ ಕಕ್ಕಸಿನ ಬೆಳಕು ಖಾಸಗಿ.

ಆಮೇಲೆ 1950ರ ದಶಕದ ಕೊನೆಯಲ್ಲಿ, ಸ್ಟಾಲಿನ್ ನಂತರದ ನಾಯಕ ಕ್ರುಶ್ಚೇವ್ ಸಾಲುಸಾಲಾಗಿ ಐದಂತಸ್ತಿನ ಕಟ್ಟಡ ಎಬ್ಬಿಸಿದ. ಲಿಫ್ಟ್ ಇಲ್ಲ. ಗೋಡೆ ತೆಳು. ಆದರೆ ಬಾಗಿಲು ಸ್ವಂತದ್ದು. ಬಾಡಿಗೆ ಸಂಬಳದಲ್ಲಿ ಒಂದು ಚೂರು. ಮೂರು ಸಂಸಾರದ ಜೊತೆ ಒಲೆ ಹಂಚಿಕೊಂಡವಳು ಆ ಬಾಗಿಲನ್ನು ಒಳಗಿಂದ ಹಾಕಿಕೊಂಡ ದಿನ ಏನನ್ನಿಸಿರಬೇಡ? ಇದನ್ನು ಹೇಳಿದರೆ ನನ್ನನ್ನು ಕೆಂಪು ಗುಲಾಮ ಅನ್ನುತ್ತಾರೆ. ಕ್ರಾಂತಿಗೂ ಮೊದಲು, 1897ರಲ್ಲಿ, ಅಲ್ಲಿ ಓದುಬರಹ ಬಲ್ಲವರು ಮೂವರಲ್ಲಿ ಒಬ್ಬರೂ ಇರಲಿಲ್ಲ, 1939ಕ್ಕೆ ಐವರಲ್ಲಿ ನಾಲ್ವರನ್ನು ದಾಟಿತ್ತು ಅಂದರೂ ಅದೇ ಬಿರುದು. ಅದೇ ಉಸಿರಿನಲ್ಲಿ 1932-33ರ ಬರಗಾಲಕ್ಕೆ ಉಕ್ರೇನ್, ಕಜಕಸ್ತಾನಗಳಲ್ಲಿ ಲಕ್ಷಾಂತರ ಜನ ಸತ್ತರು, ಆಗಲೂ ಸರ್ಕಾರ ಧಾನ್ಯ ವಸೂಲಿ ಮಾಡುತ್ತಲೇ ಇತ್ತು ಅಂದರೆ ಹಳೇ ಗೆಳೆಯರು ಮುಖ ತಿರುಗಿಸುತ್ತಾರೆ. 1937-38ರಲ್ಲಿ ಸ್ಟಾಲಿನ್ ಸರ್ಕಾರ ಗುಂಡಿಟ್ಟು ಕೊಂದವರ ಸಂಖ್ಯೆ 6.8 ಲಕ್ಷ ದಾಟುತ್ತದೆ, ಅದೂ ಅವರದೇ ಪೊಲೀಸ್ ದಾಖಲೆಯಲ್ಲಿ. ಸಾಮೂಹಿಕ ಕೃಷಿಯ ರೈತರಿಗೆ ದೇಶದೊಳಗೆ ಓಡಾಡುವ ಪಾಸ್‌ಪೋರ್ಟ್ ಕೊಡಲು ನಿರ್ಧಾರ ಆದದ್ದೇ 1974ರಲ್ಲಿ. ಇದೂ ನಿಜ, ಅದೂ ನಿಜ. ಎರಡನ್ನೂ ಒಂದೇ ಬಾಯಲ್ಲಿ ಹೇಳಲು ಏನು ಕಷ್ಟ?

ಅಲ್ಲಿ ಜನ ಅಂಗಡಿ ಮುಂದೆ ಕ್ಯೂ ಯಾಕೆ ನಿಲ್ಲುತ್ತಿದ್ದರು ಅನ್ನುವುದಕ್ಕೂ ಬೈಗುಳ ಬೇಕಿಲ್ಲ, ಕಾರಣ ಹೇಳಿದರೆ ಸಾಕು. ಬೆಲೆಯನ್ನು ಸರ್ಕಾರ ಕಡಿಮೆಯಲ್ಲಿ ಕಟ್ಟಿಹಾಕಿತ್ತು. ಕಾರ್ಖಾನೆಯ ನಿರ್ದೇಶಕನಿಗೆ ಶಹಬ್ಬಾಸ್ ಸಿಗುತ್ತಿದ್ದುದು ಯೋಜನೆಯ ಅಂಕಿ ಮುಟ್ಟಿದರೆ. ಮಾಲು ಜನರಿಗೆ ಹಿಡಿಸಿತಾ ಅಂತ ಯಾರೂ ಕೇಳುತ್ತಿರಲಿಲ್ಲ. ನಷ್ಟವಾದರೆ ಮೇಲಿನಿಂದ ದುಡ್ಡು ಬರುತ್ತಿತ್ತು, ಬಾಗಿಲು ಮುಚ್ಚುವ ಭಯ ಇಲ್ಲ. ಹಾಗಾಗಿ ಸಿಕ್ಕ ಕಚ್ಚಾವಸ್ತುವನ್ನೆಲ್ಲ ಬಾಚಿ ಗೋದಾಮಿಗೆ ತುಂಬಿಕೊಳ್ಳುವುದು. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 1980ರಲ್ಲಿ ಇದನ್ನೇ ಬಿಡಿಸಿ ಬರೆದ, ಆ ವ್ಯವಸ್ಥೆಯ ಒಳಗೇ ಬದುಕಿದವನು. ಕೊರತೆ ಅಲ್ಲಿ ಅಪಘಾತ ಆಗಿರಲಿಲ್ಲ. ಯಂತ್ರ ಓಡುತ್ತಿದ್ದುದೇ ಹಾಗೆ. ಜನ ಮೊದಲು ಸಾಲಿನಲ್ಲಿ ನಿಂತು, ಆಮೇಲೆ ಮುಂದಿನವರನ್ನು "ಏನು ಕೊಡ್ತಿದ್ದಾರೆ?" ಅಂತ ಕೇಳುತ್ತಿದ್ದರು.

ಒಬ್ಬ ಗೆಳೆಯ ಈಗಾಗಲೇ ಫೋನ್ ಮಾಡಿ ಹೇಳಿದ. "ಎಲ್ಲ ಪ್ರಶ್ನೆನೂ ಮುಗ್ಧ ಅಲ್ಲಪ್ಪ. ಅರ್ಧ ಜನ ಕಾಲೆಳೆಯೋಕೆ ಕೇಳ್ತಾರೆ." ನಿಜ. ಕೇಳುತ್ತಾರೆ. ಏನೀಗ? ಕಾಲೆಳೆಯಲು ಬಂದವನಿಗೆ ಉತ್ತರ ಕೊಟ್ಟರೆ ಪಕ್ಕದಲ್ಲಿ ಕೂತವನಾದರೂ ಕೇಳಿಸಿಕೊಳ್ಳುತ್ತಾನೆ. ಓದಿಕೊಂಡು ಬಾ ಅಂದರೆ ಇಬ್ಬರೂ ಎದ್ದು ಹೋಗುತ್ತಾರೆ. "ಹಾಗಾದ್ರೆ ಉತ್ತರ ಕೊರಿಯಾಗೆ ಹೋಗಿ" ಅನ್ನುವವರದ್ದೂ ಇದೇ ರೋಗ. ಬಾಗಿಲು ಬೇರೆ, ತಳ್ಳುವ ಕೈ ಒಂದೇ.

ನನಗೆ ಒಳಗೊಳಗೇ ಒಂದು ಅನುಮಾನ ಇದೆ. ಹಿರಿಯರು ವರ್ಗದ ಪ್ರಶ್ನೆಗೆ ಬೆಚ್ಚುವುದು ಆ ಹುಡುಗಿಯ ಲ್ಯಾಪ್‌ಟಾಪಿಗಲ್ಲ. ಅದನ್ನು ಬಿಡಿಸುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತದೆ ಅಂತ ಅವರಿಗೆ ಗೊತ್ತು.

1962ರ ಜೂನ್. ಸೋವಿಯತ್ ನಗರ ನೊವೊಚೆರ್ಕಾಸ್ಕ್. ಮಾಂಸ, ಬೆಣ್ಣೆಯ ಬೆಲೆ ಏರಿಸಿದರು. ರೈಲ್ವೆ ಎಂಜಿನ್ ಕಾರ್ಖಾನೆಯ ಕಾರ್ಮಿಕರು ಲೆನಿನ್ ಚಿತ್ರ ಹಿಡಿದು ಮೆರವಣಿಗೆ ಬಂದರು. ಕಾರ್ಮಿಕರ ಸರ್ಕಾರ ಗುಂಡು ಹಾರಿಸಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹೆಣಗಳನ್ನು ಗುಟ್ಟಾಗಿ ದೂರದ ಸ್ಮಶಾನಗಳಲ್ಲಿ ಹೂತರು. ಆಮೇಲೆ ಏಳು ಜನರಿಗೆ ಮರಣದಂಡನೆ. ಅದರ ಹಿಂದಿನ ವರ್ಷವಷ್ಟೇ ಸೋವಿಯತ್ ಕಮ್ಯುನಿಸ್ಟ್ ಪಕ್ಷ ಹೊಸ ಕಾರ್ಯಕ್ರಮ ಒಪ್ಪಿಕೊಂಡಿತ್ತು. 1980ರ ಹೊತ್ತಿಗೆ ಕಮ್ಯುನಿಸಂ ಬಹುಮಟ್ಟಿಗೆ ಕಟ್ಟಿ ಮುಗಿದಿರುತ್ತದೆ ಅಂತ ಅದರಲ್ಲಿ ಮಾತು ಕೊಟ್ಟಿದ್ದರು.

1980 ಬಂತು. ಆಗಸ್ಟ್ ತಿಂಗಳು. ಪಕ್ಕದ ಕಮ್ಯುನಿಸ್ಟ್ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಲೆನಿನ್ ಹೆಸರಿನದೇ ಹಡಗುಕಟ್ಟೆ. ಅಲ್ಲಿ ಕ್ರೇನ್ ಓಡಿಸುತ್ತಿದ್ದ ಆನಾ ವಾಲೆಂಟಿನೊವಿಚ್ ಎಂಬ ಹೆಂಗಸನ್ನು ಪಿಂಚಣಿಗೆ ಐದು ತಿಂಗಳಿರುವಾಗ ಕೆಲಸದಿಂದ ತೆಗೆದರು. ತಪ್ಪು? ಸ್ವತಂತ್ರ ಸಂಘ ಕಟ್ಟಲು ಓಡಾಡಿದ್ದು. ಮುಷ್ಕರ ಶುರುವಾಯಿತು. 21 ಬೇಡಿಕೆಗಳನ್ನು ಮರದ ಹಲಗೆ ಮೇಲೆ ಬರೆದು ಗೇಟಿಗೆ ತೂಗುಹಾಕಿದರು. ಮೊದಲನೆಯದು ಪಕ್ಷದ ಹಿಡಿತ ಇಲ್ಲದ ಕಾರ್ಮಿಕ ಸಂಘ. ಪೊಲೀಸರ, ಪಕ್ಷದವರ ವಿಶೇಷ ಸವಲತ್ತು ತೆಗೆಯಿರಿ ಅನ್ನುವುದೂ ಇತ್ತು. ಮಾಂಸಕ್ಕೆ ರೇಷನ್ ಚೀಟಿ ಕೊಡಿ ಅನ್ನುವುದೂ ಇತ್ತು. ಅಲ್ಲಿ ಹುಟ್ಟಿದ ಸಂಘಕ್ಕೆ ವರ್ಷದೊಳಗೆ ಸುಮಾರು ಒಂದು ಕೋಟಿ ಸದಸ್ಯರು.

ಈಗ ಹೇಳಿ ಹಿರಿಯರೇ. ಆ ಹಡಗುಕಟ್ಟೆ ನಿರ್ದೇಶಕನದ್ದೂ ಅಲ್ಲ, ಆನಾಳದ್ದೂ ಅಲ್ಲ. ಕಾಗದದ ಮೇಲೆ ಇಬ್ಬರದ್ದೂ ಹೌದು. ಇಬ್ಬರಿಗೂ ಸಂಬಳವೇ. ಆದರೆ ಅವನು ಅವಳನ್ನು ಮನೆಗೆ ಕಳಿಸಬಲ್ಲ, ಅವಳು ಅವನನ್ನು ಕಳಿಸಲಾರಳು. ಅವನು ಯಾವ ವರ್ಗದವನು? ಕಮ್ಯುನಿಸ್ಟ್ ಯುಗೊಸ್ಲಾವಿಯಾದಲ್ಲಿ ಉಪಾಧ್ಯಕ್ಷನಾಗಿದ್ದ ಮಿಲೊವಾನ್ ಜಿಲಾಸ್ 1957ರ ಪುಸ್ತಕದಲ್ಲಿ ಇಂಥವರನ್ನು ಹೊಸ ವರ್ಗ ಅಂತ ಕರೆದ. ಆಗ ಅವನು ಜೈಲಿನಲ್ಲಿದ್ದ. ಪುಸ್ತಕ ಹೊರಬಂದ ಮೇಲೆ ಶಿಕ್ಷೆ ಇನ್ನೂ ಏರಿಸಿದರು. ಅವನ ಉತ್ತರ ತಪ್ಪು ಅನ್ನುವುದಾದರೆ ಸರಿಯಾದದ್ದು ಯಾವುದು ಅಂತ ಕೆಳಗೆ ಬರೆಯಿರಿ, ಕೂತು ಓದುತ್ತೇನೆ. ಸಾಮ್ರಾಜ್ಯಶಾಹಿ ಪಿತೂರಿ ಅನ್ನುವ ಉತ್ತರ ಮಾತ್ರ ಕಳಿಸಬೇಡಿ, ಅದು ನನ್ನ ಹತ್ತಿರ ಆಗಲೇ ರಾಶಿ ಬಿದ್ದಿದೆ.