ಟವರ್ ಇರುವ ದಿಕ್ಕು

ವಾಸ್ತು ನೋಡಿ ಕಟ್ಟಿದ ಮನೆಯಲ್ಲಿ ದೇವರಿಗೆ ಈಶಾನ್ಯ, ಒಲೆಗೆ ಆಗ್ನೇಯ. ರೂಟರಿಗೆ ಮಾತ್ರ ಯಾವ ಶಾಸ್ತ್ರಿಗಳೂ ಮೂಲೆ ತೋರಿಸಿಲ್ಲ. ಟಿವಿ ಪಕ್ಕ ಪ್ಲಗ್ ಪಾಯಿಂಟ್ ಇತ್ತೆಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಅದು ನಡುಮನೆಯಲ್ಲಿ ಪ್ರತಿಷ್ಠಾಪನೆಗೊಂಡಿತು. ಮೈಸೂರಿನ ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆ ನಮ್ಮದು. ಫೈಬರ್ ಕೇಬಲ್ ಇನ್ನೂ ಬಂದಿಲ್ಲ, ಸಿಮ್ ಹಾಕುವ 4ಜಿ ರೂಟರೇ ಗತಿ. ಟವರ್ ಇರುವುದು ನೈರುತ್ಯಕ್ಕೆ. ನಡುವೆ ಎರಡು ಕಾಂಕ್ರೀಟ್ ಗೋಡೆ, ಪಕ್ಕದ ತೋಟದ ತೆಂಗಿನ ಮರಗಳು. ಮಳೆಗೆ ಗರಿ ನೆನೆದರೆ ಸಿಗ್ನಲ್ ಇನ್ನಷ್ಟು ಸೊರಗುತ್ತದೆ. ಇಂಟರ್‌ನೆಟ್ಟಿಗಾಗಿ ತೆಂಗು ಕಡಿಯಿರಿ ಎಂದು ಕೇಳುವ ಧೈರ್ಯ ಈ ಸೀಮೆಯಲ್ಲಿ ಯಾರಿಗಿದೆ?

ಹಾಗಾಗಿ ತಾರಸಿಗೆ ಆಂಟೆನಾ ಏರಿತು. ಒಂದಲ್ಲ, ಎರಡು. 4ಜಿ ರೂಟರ್ ಏಕಕಾಲಕ್ಕೆ ಎರಡು ಹಾದಿಯಲ್ಲಿ ಮಾಹಿತಿ ತರಿಸಿಕೊಳ್ಳುವುದರಿಂದ ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ 45 ಡಿಗ್ರಿ ವಾಲಿಸಿ ಕಟ್ಟಬೇಕು. ಪಕ್ಕದ ಮನೆಯ ರಾಯರು ಕಾಂಪೌಂಡಿನಾಚೆಯಿಂದಲೇ, “ಸೊಟ್ಟಗಾಯಿತಲ್ಲ ಸ್ವಾಮಿ, ನೆಟ್ಟಗೆ ಮಾಡಿಸಿ” ಎಂದರು. ಕೊಳವೆಗೆ ಅಡ್ಡಲಾಗಿ ಕಡ್ಡಿ ಜೋಡಿಸಿದ ಈ ಆಂಟೆನಾ ಬರಿಯ ದೂರದರ್ಶನವೊಂದೇ ಇದ್ದ ಕಾಲದಲ್ಲಿ ಸೂರುಸೂರಿನ ಮೇಲೂ ಇತ್ತು. 1926ರಲ್ಲಿ ಜಪಾನಿನಲ್ಲಿ ಇದು ರೂಪುಗೊಂಡಾಗ ಹೆಚ್ಚು ದುಡಿದವರು ಶಿಂತಾರೊ ಉಡಾ. ಲೋಕದ ಬಾಯಲ್ಲಿ ನಿಂತದ್ದು ಅವರ ಹಿರಿಯ ಪ್ರಾಧ್ಯಾಪಕ ಹಿಡೆತ್ಸುಗು ಯಾಗಿಯವರ ಹೆಸರು. ಕಚೇರಿಗಳಲ್ಲಿ ಕಡತ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಂಟೆನಾ ಸಿಗ್ನಲನ್ನು ಹುಟ್ಟಿಸುವುದಿಲ್ಲ. ಕಿವಿಯ ಹಿಂದೆ ಅಂಗೈ ಬಾಗಿಸಿ ಹಿಡಿದಂತೆ, ಒಂದು ಕಡೆಯದನ್ನು ಹೆಚ್ಚು ಕೇಳಿಸಿಕೊಂಡು ಉಳಿದದ್ದನ್ನು ದೂರವಿಡುತ್ತದೆ, ಅಷ್ಟೆ. ಆದ್ದರಿಂದ ತಿರುಗಿಸುವುದೇ ದೊಡ್ಡ ಕೆಲಸ. ನಾನು ಮೇಲೆ, ಮೊಬೈಲಿನಲ್ಲಿ ರೂಟರಿನ ಪುಟ ತೆರೆದು ಸಿಗ್ನಲ್ ಬಲದ ಅಂಕಿ ಓದಿ ಹೇಳುವ ಮಗಳು ಕೆಳಗೆ.

“ಮೈನಸ್ 112, ಅಪ್ಪಾ.”

ಒಂದಿಷ್ಟು ತಿರುಗಿಸಿದೆ.

“ಮೈನಸ್ 94!”

ಅಡುಗೆಮನೆಯಿಂದ ಅಮ್ಮ: “ಇಳಿದುಹೋಯಿತಲ್ಲೇ, ಮೊದಲು ಇದ್ದ ಹಾಗೆ ಇಡಲು ಹೇಳು.”

ಅಮ್ಮನಿಗೆ ಹೇಗೆ ಹೇಳುವುದು? ಈ ಡೆಸಿಬೆಲ್ ಲೆಕ್ಕದಲ್ಲಿ ಮೈನಸ್ ಮುಂದಿನ ಅಂಕಿ ಮೂರು ಇಳಿದರೆ ಸಿಗ್ನಲಿನ ಶಕ್ತಿ ಇಮ್ಮಡಿ, ಹದಿನೆಂಟು ಇಳಿದರೆ ಅರವತ್ತು ಪಟ್ಟಿಗೂ ಮಿಗಿಲು. ಮನೆಯ ಖರ್ಚಿನ ಪುಸ್ತಕದಲ್ಲಿ ಇಂಥ ಗಣಿತ ನಡೆಯುವುದಿಲ್ಲ.

ಅಂಗಡಿಯವರು ಹೇಳದ ಮಾತೊಂದಿದೆ. ತೆಳು ಕೇಬಲಿನಲ್ಲಿ 2,300 ಮೆಗಾಹರ್ಟ್ಸ್‌ನ ಸಿಗ್ನಲ್ ಮೂರು ಮೀಟರ್ ಸಾಗುವಷ್ಟರಲ್ಲಿ ಸುಮಾರು ಅರ್ಧ ಸೋರಿಹೋಗುತ್ತದೆ. ತಾರಸಿಯಲ್ಲಿ ಗಳಿಸಿದ್ದನ್ನು ನಡುಮನೆಗೆ ತರುವ ದಾರಿಯಲ್ಲೇ ಕಳೆಯುವುದು ಯಾವ ಜಾಣತನ? ರೂಟರನ್ನೇ ಮೆಟ್ಟಿಲ ಮೇಲಿನ ಕೋಣೆಗೆ ಸಾಗಿಸಿ, ಅಲ್ಲಿಂದ ಲ್ಯಾನ್ ಕೇಬಲ್ ಇಳಿಸಿ, ಕೆಳಗೆ ಹಳೆಯ ವೈಫೈ ಪೆಟ್ಟಿಗೆಗೆ ಚುಚ್ಚಿದೆವು. ಲ್ಯಾನ್ ಕೇಬಲ್ ನೂರು ಮೀಟರಿನವರೆಗೂ ನಂಬಿಗಸ್ತ. ಮಂಗಗಳು ಕಚ್ಚದಿದ್ದರೆ, ಎಂದು ಸೇರಿಸಿಕೊಳ್ಳಿ.

ಇಷ್ಟಾದರೂ ಜಂಬೂಸವಾರಿಯ ಮಧ್ಯಾಹ್ನ ಕೈಕೊಟ್ಟಿತು. ಬಡಾವಣೆಗೆ ಬಡಾವಣೆಯೇ ನೇರಪ್ರಸಾರ ತೆರೆದು ಕುಳಿತಿತ್ತು. ಸಿಗ್ನಲ್ ಪೂರ್ತಿ, ವೇಗ ಸೊನ್ನೆ. ಟವರಿನಲ್ಲೇ ನೂಕುನುಗ್ಗಲಾದರೆ ಆಂಟೆನಾ ಏನು ಮಾಡೀತು? ಅಮ್ಮ ರೇಡಿಯೊ ಹಾಕಿಕೊಂಡರು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದ ಊರಲ್ಲವೇ ಇದು. ವೀಕ್ಷಕ ವಿವರಣೆಯಲ್ಲಿ ಅಂಬಾರಿ ಕೆ.ಆರ್. ವೃತ್ತ ದಾಟಿತು, ನಮ್ಮ ಪರದೆಯಲ್ಲಿ ಆನೆ ಇನ್ನೂ ಅರಮನೆಯ ಅಂಗಳದಲ್ಲೇ ಒಂದು ಕಾಲೆತ್ತಿಕೊಂಡು ನಿಂತಿತ್ತು.