1892ರ ಎರಡು ಕಟ್ಟಡ

ಚೀನಾದ ಗ್ವಾಂಗ್‌ಝೌ ಊರಿಗೆ ಕೆಲಸಕ್ಕೆ ಬಂದು ನಾಲ್ಕು ವರ್ಷ ಆಯ್ತು, ಮನಸ್ಸಿಗೆ ಬೇಜಾರಾದಾಗೆಲ್ಲ ನಾನು ಹೋಗೋ ಜಾಗ ಶಾಮಿಯನ್ ಅನ್ನೋ ಪುಟ್ಟ ದ್ವೀಪ. ಹುವಾಂಗ್‌ಶಾ ಮೆಟ್ರೋ ಸ್ಟೇಷನ್ನಿಂದ ಹೊರಗೆ ಬಂದ್ರೆ ಬರೀ ಗಾಡಿ ಸದ್ದು, ಪಕ್ಕದ ಚಿಂಗ್‌ಪಿಂಗ್ ಮಾರ್ಕೆಟ್ ಕಡೆಯಿಂದ ಒಣಗಿಸಿದ ನಾರು ಬೇರಿನ ವಾಸನೆ, ಅಲ್ಲಿಂದ ಒಂದು ಸಣ್ಣ ಕಾಲುವೆ ದಾಟಿದ್ರೆ ಸಾಕು, ಗದ್ದಲ ಎಲ್ಲಾ ಹಿಂದೆ ಉಳಿಯುತ್ತೆ. ಆಲದ ಮರ, ಕರ್ಪೂರದ ಮರ, ಕಮಾನಿನ ಹಳೇ ಕಟ್ಟಡಗಳು, ರಸ್ತೆ ಮಧ್ಯದ ತೋಟದಲ್ಲಿ ವಯಸ್ಸಾದವರು ಗರಿ ಸಿಕ್ಕಿಸಿದ ಬಿಲ್ಲೆನ ಕಾಲಲ್ಲೇ ಚಿಮ್ಮಿ ಆಡ್ತಿರ್ತಾರೆ.

ಇಡೀ ದ್ವೀಪ ಸುಮಾರು 0.3 ಚದರ ಕಿಲೋಮೀಟರ್ ಅಷ್ಟೇ. ಬ್ರಿಟಿಷರು, ಫ್ರೆಂಚರು ಚೀನಾ ಮೇಲೆ ಮಾಡಿದ ಎರಡನೇ ಅಫೀಮು ಯುದ್ಧದ ಟೈಮಲ್ಲಿ, 1859ರಲ್ಲಿ, ಇದು ಪರದೇಶದವರ ಪಾಲಾಯ್ತು, ಐದರಲ್ಲಿ ನಾಲ್ಕು ಪಾಲು ಬ್ರಿಟಿಷರಿಗೆ, ಒಂದು ಫ್ರೆಂಚರಿಗೆ. ಬ್ರಿಟಿಷರು ಚೀನಾದಲ್ಲಿ ಮಾರ್ತಿದ್ದ ಆ ಅಫೀಮು ಬೆಳೆದಿದ್ದು ನಮ್ಮ ಬಿಹಾರ, ಮಾಳವಾ ಕಡೆ ಅನ್ನೋದು ನೆನಪಾದಾಗ ಇಲ್ಲಿ ನಡೆಯೋಕೆ ನಂಗೆ ಒಂಥರಾ ಸಂಕಟ ಆಗುತ್ತೆ. ರಾತ್ರಿ ಆದ್ರೆ ಸೇತುವೆ ಗೇಟ್ ಮುಚ್ಚಿ ಊರಿನವರನ್ನೇ ಒಳಗೆ ಬಿಡ್ತಿರ್ಲಿಲ್ಲ. 1925ರ ಜೂನ್ 23ಕ್ಕೆ ಕಾಲುವೆ ಆಚೆ ಮೆರವಣಿಗೆ ಹೋಗ್ತಿದ್ದವರ ಮೇಲೆ ಈ ಕಡೆಯಿಂದ ಗುಂಡು ಹಾರಿಸಿ 50ಕ್ಕೂ ಹೆಚ್ಚು ಜನರನ್ನ ಕೊಂದರು, ಆ ರಸ್ತೆ ಹೆಸರು ಇವತ್ತಿಗೂ 'ಆರು-ಎರಡು-ಮೂರು ರಸ್ತೆ', ಅಂದ್ರೆ ಆ ತಾರೀಕೇ.

ಇಷ್ಟು ನೋವಿದ್ರೂ ಕಟ್ಟಡ ಕೆಡವಿಲ್ಲ, 1996ರಲ್ಲಿ ರಾಷ್ಟ್ರಮಟ್ಟದ ರಕ್ಷಣೆ ಪಟ್ಟಿಗೆ ಸೇರಿಸಿದ್ರು. ಊರಿಗೆ ಹೋದಾಗ 'ಬ್ರಿಟಿಷರ ಕಾಲದ್ದು ಯಾಕ್ರೀ ಉಳಿಸ್ಬೇಕು' ಅಂತ ಯಾರಾದ್ರೂ ಕೇಳಿದ್ರೆ ನಾನು ಈ ರಸ್ತೆ ಹೆಸರು ಹೇಳ್ತೀನಿ, ಕಟ್ಟಡ ಉಳಿಸಿದ್ರೆ ನೋವು ಮರೆತ ಹಾಗಲ್ಲ ಅಂತ. ಹಾಗಂತ ಇಲ್ಲಿ ಎಲ್ಲಾ ಉಳಿಸಿದ್ದಾರೆ ಅಂತಲ್ಲ, ಇದೇ ಊರಲ್ಲಿ ಎಷ್ಟೋ ಹಳೇ ಓಣಿಗಳು ನೆಲಸಮ ಆಗಿವೆ.

ನಂಗೆ ಹೊಟ್ಟೆ ಉರಿಯೋದು ಲೂರ್ದ್ ಮಾತೆ ಚರ್ಚ್ ಮುಂದೆ ನಿಂತಾಗ. ಅದು 1892ರದ್ದು, ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗೂ ಅದೇ ಕಾಲದ್ದು. ಇಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ, ಪಕ್ಕದ ಕಟ್ಟಡಗಳಲ್ಲಿ ಆಫೀಸು, ಕಾಫಿ ಅಂಗಡಿ, ಕೆಲವು ಕಡೆ ಮನೆಗಳು, ಬಾಲ್ಕನಿಲಿ ಬಟ್ಟೆ ಒಣಗ್ತಿರುತ್ತೆ. ನಮ್ಮದು 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯ್ತು, ಆಮೇಲೆ ಕೆಡವ್ಬೇಕಾ ರಿಪೇರಿ ಮಾಡ್ಬೇಕಾ ಅನ್ನೋ ವಾದದಲ್ಲೇ ವರ್ಷಗಳು ಕಳೆದ್ವು. ಅಲ್ಲೂ ಅಂಗಡಿ ಇದ್ವು, ಜನ ಬರ್ತಿದ್ರು, ನನ್ನ ಪಿಯುಸಿ ಪುಸ್ತಕ ಅಪ್ಪ ಕೊಡ್ಸಿದ್ದೇ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಲಿ. ಜನ ಓಡಾಡಿದ್ರೆ ಸಾಲ್ದು, ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಯಾರಾದ್ರೂ ಸೂರು ಹತ್ತಿ ನೋಡ್ಬೇಕು.

ಹೋದ ವಾರ ವಿಡಿಯೋ ಕಾಲ್‌ನಲ್ಲಿ ಈ ಚರ್ಚ್ ತೋರಿಸಿದಾಗ ಅಪ್ಪ ಸ್ವಲ್ಪ ಹೊತ್ತು ನೋಡಿ, "ಒಳಗಡೆ ಬಿಡ್ತಾರೇನಪ್ಪಾ?" ಅಂದ್ರು. ಬಿಡ್ತಾರೆ ಅಂದೆ. ಲ್ಯಾನ್ಸ್‌ಡೌನ್‌ನ ನಾಲ್ಕು ಕಮಾನಾದ್ರೂ ಮೊದ್ಲು ಭದ್ರ ಮಾಡಿ, ಆ ಪುಸ್ತಕದ ಅಂಗಡಿಯವರನ್ನ ವಾಪಸ್ ಕೂರಿಸ್ಲಿ.